ಗಿಟಾರ್ ಪ್ರಶ್ನೋತ್ತರ: ಹೊಸ ವಿನ್ಯಾಸವನ್ನು ನಂಬಬಹುದೇ?

ಅಕೌಸ್ಟಿಕ್ ಗಿಟಾರ್ ಕೊಳ್ಳಬೇಕೆಂದಿದ್ದೇನೆ. ಟೇಲರ್ ಕಂಪನಿಯ 'ವಿ-ಕ್ಲಾಸ್' ಬ್ರೇಸಿಂಗ್ ಇರುವ ಗಿಟಾರ್ ಹಿಡಿಸಿದೆ. ನಮ್ಮ ಮೇಷ್ಟ್ರು ಮಾತ್ರ 'ಎಕ್ಸ್' ಬ್ರೇಸಿಂಗ್ ಬಿಟ್ಟು ಬೇರೆಯದಕ್ಕೆ ಕೈಹಾಕಬೇಡ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ನಿಮ್ಮ ಮೇಷ್ಟ್ರ ಹಿಂಜರಿಕೆಗೆ ಅರ್ಥವಿದೆ. ಆರು ಉಕ್ಕಿನ ತಂತಿಗಳು ಸುಮಾರು 70 ಕಿಲೋ ಬಲದಿಂದ ಜಗ್ಗುತ್ತಿರುತ್ತವೆ. ಅದನ್ನು ತಾಳಬೇಕಾದ ಮೇಲ್ಹಲಗೆಯ ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಹಲಗೆಯ ಒಳಮೈಗೆ ಅಂಟಿಸಿದ ಮರದ ಪಟ್ಟಿಗಳೇ, ಅಂದರೆ ಬ್ರೇಸಿಂಗೇ, ಅದಕ್ಕೆ ಆಸರೆ. ಅಮೆರಿಕದ ಮಾರ್ಟಿನ್ ಕಾರ್ಖಾನೆ 1840ರ ದಶಕದಲ್ಲಿ ಬಳಕೆಗೆ ತಂದ ಎಕ್ಸ್ ಜೋಡಣೆ ಇಂದಿಗೂ ಬಹುಪಾಲು ಗಿಟಾರುಗಳಲ್ಲಿದೆ. ಇಷ್ಟು ಕಾಲ ಬಾಳಿದ್ದನ್ನು ಬಿಡಲು ಯಾರಿಗಾದರೂ ಮನಸ್ಸು ಬರುವುದು ಕಷ್ಟ.

ಹಲಗೆ ಬಿಗಿಯಾಗಿದ್ದಷ್ಟೂ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಸಡಿಲವಾದಷ್ಟೂ ದನಿ ದೊಡ್ಡದಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಬೇಕು. 2018ರಲ್ಲಿ ಟೇಲರ್‌ನ ಆಂಡಿ ಪವರ್ಸ್ ಪಟ್ಟಿಗಳನ್ನು ವಿ ಆಕಾರದಲ್ಲಿಟ್ಟು, ತಂತಿಯ ಉದ್ದಕ್ಕೆ ಬಿಗಿ, ಎರಡೂ ಬದಿಗೆ ಸಡಿಲ ಇರುವಂತೆ ಮಾಡಿದರು. ನಾದ ದೀರ್ಘವಾಯಿತು ಎಂದು ಅನೇಕ ವಾದಕರು ಒಪ್ಪಿದರು. ಶ್ರುತಿಯೂ ಹೆಚ್ಚು ನಿಖರವಾಗುತ್ತದೆ ಎಂಬ ಕಂಪನಿಯ ಮಾತಿಗೆ ಮಾತ್ರ ತಕರಾರು ಎದ್ದಿತು. ಫ್ರೆಟ್, ನಟ್, ಸ್ಯಾಡಲ್‌ಗಳ ಅಳತೆ ತಪ್ಪಿದ್ದರೆ ಯಾವ ಬ್ರೇಸಿಂಗೂ ಶ್ರುತಿಯನ್ನು ಕಾಯಲಾರದು. ಆದ್ದರಿಂದ ನಾದ ಮೆಚ್ಚಿ ಕೊಳ್ಳಿ, ಶ್ರುತಿಯ ಭರವಸೆಗೆಂದು ಹೆಚ್ಚಿಗೆ ದುಡ್ಡು ಕೊಡಬೇಡಿ.

ಮೇಷ್ಟ್ರ ಜೊತೆ ಇನ್ನೊಂದು ಸಂಗತಿ ಮಾತಾಡಿ. 1929ರಲ್ಲಿ ಬ್ಯಾಂಜೊ ವಾದಕ ಪೆರಿ ಬೆಕ್ಟೆಲ್, ಎತ್ತರದ ಸ್ವರಗಳಿಗೆ ಕೈ ಸಲೀಸಾಗಿ ಹೋಗುವ ಗಿಟಾರ್ ಬೇಕೆಂದು ಮಾರ್ಟಿನ್‌ನವರನ್ನು ಕೇಳಿದರು. ಒಡಲಿನ ಹೊರಗೆ 12ರ ಬದಲು 14 ಫ್ರೆಟ್ ಸಿಗುವ 'ಓಎಂ' ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದೇ ವಾಡಿಕೆಯಾಯಿತು. 1970ರ ದಶಕದಲ್ಲಿ ಗಿಬ್ಸನ್ ಕಂಪನಿ ವಿಜ್ಞಾನಿ ಮೈಕೆಲ್ ಕಾಶಾ ಅವರ ಲೆಕ್ಕಾಚಾರದಂತೆ 'ಮಾರ್ಕ್' ಗಿಟಾರುಗಳನ್ನು ಮಾಡಿತು. ವಾದಕರು ಒಲಿಯಲಿಲ್ಲ, ಬೇಗನೆ ನಿಂತುಹೋಯಿತು. ಮೊದಲನೆಯದು ನುಡಿಸುವ ಕೈಯ ಅಗತ್ಯದಿಂದ ಹುಟ್ಟಿದ್ದು, ಎರಡನೆಯದು ಲೆಕ್ಕಾಚಾರದಿಂದ. ನಾನು ಯಾವ ಹೊಸ ವಿನ್ಯಾಸವನ್ನು ಕಂಡರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ನುಡಿಸುವವರ ಯಾವ ಕಷ್ಟ ಇದರಿಂದ ಕಳೆಯಿತು?

ನಮ್ಮ ಕಡೆಯ ಬೀಟೆ ಮರದ ಗಿಟಾರಿಗೆ ಸಾಟಿಯಿಲ್ಲ ಅನ್ನುತ್ತಾರೆ. ಈಗ ಬೇರೆ ಮರಗಳನ್ನು ಬಳಸುತ್ತಿರುವುದರಿಂದ ನಾದ ಕೆಡುವುದಿಲ್ಲವೇ?
– ಓದುಗರೊಬ್ಬರು, ಮಡಿಕೇರಿ

ಬೀಟೆಯೂ ಒಂದು ಕಾಲಕ್ಕೆ 'ಬೇರೆ ಮರ'ವೇ ಆಗಿತ್ತು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. ಅದಕ್ಕೂ ಹಿಂದಿನ ಗಿಟಾರುಗಳೇ ಮೇಲು ಎಂಬ ನಂಬಿಕೆ ಇನ್ನೂ ಹೋಗಿಲ್ಲ, ಅವುಗಳ ಬೆಲೆಯೂ ಇಳಿದಿಲ್ಲ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಿದ್ದ ಆರು ಗಿಟಾರುಗಳು. ಬ್ರೆಜಿಲ್‌ನ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್ ಎಲ್ಲವೂ ಇದ್ದವು. 52 ವಾದಕರು ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನುಡಿಸಿದರು. ಕಾಣದಂತಾದ ಮೇಲೆ ದುಬಾರಿ ಮರಕ್ಕೂ ಅಗ್ಗದ್ದಕ್ಕೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ. ದನಿಯನ್ನು ಹೆಚ್ಚಾಗಿ ನಿರ್ಧರಿಸುವುದು ಮೇಲ್ಹಲಗೆ ಮತ್ತು ಕಟ್ಟಿದವರ ಕೈಗುಣ. ಬೀಟೆ ಬೆಳೆಯಲು ತಲೆಮಾರುಗಳೇ ಬೇಕು. ಬೇರೆ ಮರದಲ್ಲಿ ಒಳ್ಳೆಯ ಗಿಟಾರ್ ಆಗುವುದಾದರೆ ಬೀಟೆ ಪಶ್ಚಿಮ ಘಟ್ಟದಲ್ಲೇ ನಿಲ್ಲಲಿ ಎಂಬುದು ನನ್ನ ಆಸೆ.

ಮಳೆಗಾಲ ಬಂತೆಂದರೆ ನನ್ನ ಗಿಟಾರಿನ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಕಾರ್ಬನ್ ಫೈಬರ್ ಗಿಟಾರಿಗೆ ಜೀವವಿಲ್ಲ ಎನ್ನುವುದು ನಿಜವೇ?
– ಓದುಗರೊಬ್ಬರು, ಮಂಗಳೂರು

1966ರಲ್ಲಿ ಹೆಲಿಕಾಪ್ಟರ್ ತಯಾರಕ ಚಾರ್ಲ್ಸ್ ಕಾಮನ್ ಅವರ 'ಓವೇಶನ್' ಗಿಟಾರ್ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು. ಅದರ ಫೈಬರ್‌ಗ್ಲಾಸ್ ಗುಂಡುಬೆನ್ನು ತೊಡೆಯ ಮೇಲೆ ಜಾರುತ್ತದೆ ಎಂಬ ದೂರು ಸರಿಯೇ ಆಗಿತ್ತು. ಆದರೂ ಗ್ಲೆನ್ ಕ್ಯಾಂಪ್‌ಬೆಲ್ ಅದನ್ನು ಟೀವಿಯಲ್ಲಿ ನುಡಿಸಿದರು, ಸ್ಯಾಡಲ್‌ನಲ್ಲೇ ಪಿಕಪ್ ಬಂದ ಮೇಲೆ ವೇದಿಕೆಯ ವಾದಕರು ಕೈಗೆತ್ತಿಕೊಂಡರು.

ಕಾರ್ಬನ್ ಫೈಬರ್ ತೇವ ಹೀರುವುದಿಲ್ಲ. ಕರಾವಳಿಗೆ ಅದಕ್ಕಿಂತ ದೊಡ್ಡ ಗುಣ ಬೇಕಿಲ್ಲ. ದನಿ ಸ್ಪಷ್ಟ, ಮರದ ಬೆಚ್ಚನೆ ತುಸು ಕಡಿಮೆ. ಅಂಗಡಿಗೆ ಹೋಗುವಾಗ ನಿಮ್ಮ ಹಳೆಯ ಗಿಟಾರನ್ನೂ ಒಯ್ಯಿರಿ. ಎರಡಕ್ಕೂ ಒಂದೇ ಬಗೆಯ ಹೊಸ ತಂತಿ ಹಾಕಿಸಿ, ಸ್ನೇಹಿತರೊಬ್ಬರನ್ನು ಬೆನ್ನು ತಿರುಗಿಸಿ ಕೂರಿಸಿ, ಒಂದೇ ಹಾಡನ್ನು ಎರಡರಲ್ಲೂ ನುಡಿಸಿ. ಆಮೇಲೆ ನಿರ್ಧರಿಸಿ.