ಹರಳು ಅವರದು, ಅಂಟು ನಮ್ಮದು

ಮೊಬೈಲ್ ಕವರ್ ತುಂಬ ಹರಳು, ಜಾಮಿಟ್ರಿ ಬಾಕ್ಸ್ ಮೇಲೆ ಚಮಕಿ, ನೀರಿನ ಬಾಟಲಿಗೆ ಮುತ್ತಿನ ಸಾಲು. ಪರೀಕ್ಷೆ ಹತ್ತಿರ ಬಂದರೂ ಮಗಳು ಚಿಮಟ ಹಿಡಿದು ಕೂತಿರುತ್ತಾಳೆ. ‘ಇದೇನು ಹುಚ್ಚು ಮೇಡಂ?’ ಎಂದು ಆಪ್ತಸಮಾಲೋಚನೆಗೆ ಬರುವ ತಾಯಂದಿರು ಕೇಳುತ್ತಾರೆ. ಅಪ್ಪಂದಿರಿಗೆ ದುಡ್ಡಿನ ಚಿಂತೆ. ನಾನು ಮಾತ್ರ ಮೊದಲು ಕೇಳುವುದು ಇಷ್ಟೇ: ಯಾವ ಅಂಟು ಬಳಸುತ್ತಿದ್ದಾಳೆ?

ಹುಚ್ಚು ಎನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. ಹದಿಹರೆಯದಲ್ಲಿ ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಅನ್ನಿಸುವುದು ಸಹಜ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ ಇದನ್ನು ವಿವರಿಸಿ, ಮಕ್ಕಳು ತಮ್ಮ ಸುತ್ತ ಒಂದು ಕಲ್ಪಿತ ಪ್ರೇಕ್ಷಕವರ್ಗವನ್ನು ಕಟ್ಟಿಕೊಂಡಿರುತ್ತಾರೆ ಎಂದಿದ್ದರು. ಇನ್ನೊಂದು ಕಡೆ, ಅವರ ಕೈಯಲ್ಲಿರುವ ಸಾಮಾನೆಲ್ಲ ಒಂದೇ ಅಚ್ಚಿನದು. ತರಗತಿಯಲ್ಲಿ ಅರ್ಧ ಜನರ ಬಳಿ ಅದೇ ಫೋನು, ಅದೇ ಬಾಟಲಿ. ನಾಲ್ಕು ಹರಳು ಅಂಟಿಸಿದ ಕೂಡಲೇ ಅದು ‘ನಂದು’ ಆಗುತ್ತದೆ.

2000ರ ದಶಕದಲ್ಲಿ ಟೋಕಿಯೊದ ಶಿಬುಯಾ ಬೀದಿಗಳಲ್ಲಿ ಓಡಾಡುತ್ತಿದ್ದ ಹುಡುಗಿಯರು ಮಡಚುವ ಫೋನುಗಳ ಮೈ ಕಾಣದಷ್ಟು ಕಲ್ಲು ಕೂರಿಸಿ, ಸಿಲಿಕೋನ್‌ನ ಹುಸಿ ಕ್ರೀಮ್ ಹಾಕಿ, ಅದರ ಮೇಲೆ ಗುಬ್ಬಿಮರಿ ಗಾತ್ರದ ಕೇಕು, ಸ್ಟ್ರಾಬೆರಿ ಇಡುತ್ತಿದ್ದರು. ಡೆಕೊಡೆನ್ ಎಂಬ ಆ ಕಲೆಯೇ ಈಗ ವಿಡಿಯೊಗಳ ದಾರಿ ಹಿಡಿದು ನಮ್ಮ ಮಕ್ಕಳ ಮೇಜಿಗೆ ಬಂದಿದೆ. ಬೇಕಾದ ಸಾಮಾನು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಇದೆಲ್ಲ ಹೊರಗಿನವರ ಚಾಳಿ ಎಂದು ಗೊಣಗುವ ಅಜ್ಜಂದಿರಿಗೆ ನಾನು ಸಂಡೂರಿನ ಲಂಬಾಣಿ ಕಸೂತಿಯನ್ನು ನೆನಪಿಸುತ್ತೇನೆ. ಕನ್ನಡಿ ಚೂರು, ಕವಡೆ, ನಾಣ್ಯ, ಮಣಿ ಎಲ್ಲವನ್ನೂ ದಿನ ಉಡುವ ಬಟ್ಟೆಗೇ ಹೊಲಿದುಕೊಂಡವರು ನಮ್ಮಲ್ಲೇ ಇದ್ದಾರೆ. ಆ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.

ಈಗ ಅಂಟಿನ ವಿಷಯ. ಮಕ್ಕಳ ಕೈಗೆ ಸುಲಭವಾಗಿ ಸಿಗುವುದು ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಥರದ ಸಯನೊಆಕ್ರಿಲೇಟ್. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಅದು ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು. ಬೆರಳು ಅಂಟಿಕೊಂಡರೆ ಜಗ್ಗಬಾರದು. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ಮೆಲ್ಲಗೆ ಉರುಳಿಸುತ್ತ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯದೆ, ನೀರು ಹಾಕಿ ತೊಳೆದು, ನೇರ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಇಷ್ಟೆಲ್ಲ ಹೇಳಿದರೂ ಮಗಳು ‘ಗೊತ್ತಮ್ಮಾ’ ಎಂದು ತಲೆಯಾಡಿಸಿ ಅದನ್ನೇ ಬಳಸಬಹುದು. ಆಗ ಬೇರೆ ದಾರಿ ಹಿಡಿಯಿರಿ. ಈ ಅಂಟಿನ ಆವಿ ಹರಳಿನ ಸುತ್ತ ಬಿಳಿ ಮಸುಕು ಕಟ್ಟಿ ಅದರ ಮಿಂಚನ್ನೇ ಕೆಡಿಸುತ್ತದೆ, ಅದನ್ನು ತೋರಿಸಿ. ಸುಟ್ಟ ಗಾಯದ ಭಯಕ್ಕಿಂತ ಮಂಕಾದ ಹರಳು ಬೇಗ ಪಾಠ ಕಲಿಸುತ್ತದೆ ಎನ್ನುವುದು ನನ್ನ ಅನುಭವ.

ಆಭರಣಕ್ಕೆ ಬಳಸುವ, ನಿಧಾನವಾಗಿ ಒಣಗುವ ಅಂಟು ಈ ಕೆಲಸಕ್ಕೆ ಮೇಲು. ಅದರ ಘಾಟು ದ್ರಾವಕದ್ದು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಬೇಡ, ಕಿಟಕಿ ಪಕ್ಕ ಅಥವಾ ಬಾಲ್ಕನಿಯಲ್ಲಿ ಕೂರಲಿ. ಗ್ಲೂ ಗನ್ ಇದ್ದರೆ ಕಡಿಮೆ ಉಷ್ಣತೆಯದನ್ನೇ ಕೊಡಿಸಿ. ಹೆಚ್ಚು ಉಷ್ಣತೆಯವು ಸುಮಾರು 190 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ, ಕರಗಿದ ಅಂಟು ಚರ್ಮಕ್ಕೆ ಮೆತ್ತಿಕೊಂಡರೆ ಒರೆಸಲೂ ಆಗುವುದಿಲ್ಲ. ಹಾಗಾದಾಗ ಕೀಳಲು ಹೋಗದೆ ತಣ್ಣೀರಿನ ಕೆಳಗೆ ಹಿಡಿಯಿರಿ. ನಾನು ನಿಜಕ್ಕೂ ಗಾಬರಿಪಡುವ ಸಂದರ್ಭ ಒಂದೇ: ಅಲಂಕಾರ ಆದದ್ದೇನೂ ಕಾಣುತ್ತಿಲ್ಲ, ಅಂಟಿನ ಟ್ಯೂಬುಗಳು ಮಾತ್ರ ಬೇಗಬೇಗ ಖಾಲಿಯಾಗುತ್ತಿವೆ, ಮಗು ಮಂಪರಿನಲ್ಲಿದ್ದಂತಿದೆ ಎಂದಾದರೆ ಅದು ದ್ರಾವಕ ಮೂಸುವ ಚಟವಿರಬಹುದು. ಬೈಯದೆ, ತಡಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಯಾವ ವಸ್ತುವಿಗೆ ಅಂಟಿಸುತ್ತಾರೆ ಎನ್ನುವುದನ್ನೂ ನೋಡಬೇಕು. ಹೆಲ್ಮೆಟ್ ಬೇಡವೇ ಬೇಡ. ಅಂಟಿನಲ್ಲಿರುವ ದ್ರಾವಕ ಅದರ ಪ್ಲಾಸ್ಟಿಕ್ ಚಿಪ್ಪನ್ನು ಹೊರಗೆ ಕಾಣದಂತೆ ದುರ್ಬಲಗೊಳಿಸಬಹುದು. ದಪ್ಪಗೆ ಕಲ್ಲು ತುಂಬಿದ ಕವರ್ ಫೋನಿನ ಬಿಸಿಯನ್ನು ಹೊರಬಿಡುವುದಿಲ್ಲ, ಹಾಗಾಗಿ ಚಾರ್ಜಿಗೆ ಹಾಕುವಾಗ ತೆಗೆದಿಡುವ ಅಭ್ಯಾಸವಾಗಲಿ. ಒಳಗೆ ದ್ರವ ತುಂಬಿ ಗ್ಲಿಟರ್ ತೇಲುವ ಕವರ್‌ಗಳು ಬೇರೆಯೇ ಕಥೆ: ಒಡೆದು ಸೋರಿದ ದ್ರವದಿಂದ ಚರ್ಮ ಸುಟ್ಟ ದೂರುಗಳು ಬಂದು, 2017ರಲ್ಲಿ ಅಮೆರಿಕದಲ್ಲಿ ಅಂಥ 2.6 ಲಕ್ಷಕ್ಕೂ ಹೆಚ್ಚು ಕವರ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಬಿರುಕು ಬಿಟ್ಟದ್ದನ್ನು ಆ ದಿನವೇ ಎಸೆಯಿರಿ.

ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಕೆಲಸ ಮುಗಿದ ಮೇಲೆ ನೆಲ ಗುಡಿಸುವುದು ಅವಳ ಜವಾಬ್ದಾರಿ. ಹರಳು ಮಿಠಾಯಿಯಂತೆ ಕಾಣುತ್ತದೆ. ಮಿನುಗುವ ದೀಪಗಳಲ್ಲಿರುವ ಬಟನ್ ಸೆಲ್ ಇನ್ನೂ ಅಪಾಯ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಪುಡಿ ಗ್ಲಿಟರ್ ತೊಳೆದರೆ ಚರಂಡಿಗೆ ಹೋಗುವ ಪ್ಲಾಸ್ಟಿಕ್. ಯುರೋಪಿನ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ತಡೆ ಹಾಕಿದೆ. ದೊಡ್ಡ ಹರಳೇ ವಾಸಿ.

ಓದಿನ ಬಗ್ಗೆ ಹೆಚ್ಚೇನಿಲ್ಲ. ಪುಸ್ತಕ ಮುಚ್ಚಿದ ಮೇಲೆ ಅರ್ಧ ಗಂಟೆ ಚಿಮಟ ಹಿಡಿದರೆ ಫೋನಿನ ಪರದೆ ಉಜ್ಜುವುದಕ್ಕಿಂತ ಎಷ್ಟೋ ಒಳ್ಳೆಯದು, ಕೈಗೂ ಮನಸ್ಸಿಗೂ ನೆಮ್ಮದಿ. ಮಗ ಇದೇ ಕೆಲಸಕ್ಕೆ ಕೂತರೆ ‘ಹುಡುಗಿಯರ ಹಾಗೆ’ ಎಂದು ಯಾರೂ ಕೆಣಕದಂತೆ ನೋಡಿಕೊಳ್ಳಿ, ಮುಖ್ಯವಾಗಿ ಚಿಕ್ಕಪ್ಪ, ಸೋದರಮಾವಂದಿರು. ದುಡ್ಡಿಗೆ ತಿಂಗಳ ಮಿತಿ ಹಾಕಿ, ಅದರೊಳಗೆ ಏನು ಕೊಳ್ಳಬೇಕೆಂದು ಅವರೇ ತೀರ್ಮಾನಿಸಲಿ. ಕೆಲವು ಮಕ್ಕಳು ಸ್ನೇಹಿತರ ಕವರ್ ಮಾಡಿಕೊಟ್ಟು ಹಣವನ್ನೂ ಪಡೆಯುತ್ತಾರೆ. ಅಂಥವರಿಗೆ ಒಂದು ಲೆಕ್ಕದ ಪುಸ್ತಕ ಕೊಡಿ, ಪರೀಕ್ಷೆಯ ವಾರ ಯಾರಿಂದಲೂ ಮುಂಗಡ ತೆಗೆದುಕೊಳ್ಳಬೇಡ ಎಂದು ಹೇಳಿಡಿ.