ಡ್ರೋನ್‌ನಲ್ಲಿ ಲಸಿಕೆ: ಎಷ್ಟು ದೂರ, ಎಷ್ಟು ಭಾರ?



ಡ್ರೋನ್‌ನಲ್ಲಿ ಔಷಧಿ ಸಾಗಿಸುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ನಮ್ಮ ಹಸುಗಳ ಲಸಿಕೆಯೂ ಹೀಗೆ ಬರಬಹುದೇ? ಬರಬಹುದು. ಆದರೆ ಅದು ದೂರ, ತೂಕ ಮತ್ತು ದಾರಿಯ ಲೆಕ್ಕದ ಮೇಲೆ ನಿಂತಿದೆ. ಹಾಲಿನ ರೂಟ್ ಬಲ್ಲ ನಿಮಗೆ ಈ ಲೆಕ್ಕ ಹೊಸದಲ್ಲ.

ನಮ್ಮ ಹತ್ತಿರವೇ ನಡೆದದ್ದು

2021ರ ಜೂನ್‌ನಲ್ಲಿ ಗೌರಿಬಿದನೂರಿನ ಬಳಿ ಥ್ರಾಟಲ್ ಏರೋಸ್ಪೇಸ್ ಕಂಪನಿಯು ಕಣ್ಣಳತೆ ಮೀರಿ ಡ್ರೋನ್ ಹಾರಿಸಿ ಔಷಧಿ ಸಾಗಿಸುವ ಪರೀಕ್ಷೆ ಆರಂಭಿಸಿತು. ಅದರ ಒಂದು ಡ್ರೋನ್ 1 ಕಿಲೋ ಹೊತ್ತು 15 ಕಿ.ಮೀ., ಇನ್ನೊಂದು 2 ಕಿಲೋ ಹೊತ್ತು 12 ಕಿ.ಮೀ. ಹಾರಬಲ್ಲದು. ಅದೇ ವರ್ಷ ನವೆಂಬರ್ 13ರಂದು ಎನ್‌ಎಎಲ್ ಸಂಸ್ಥೆಯ ಡ್ರೋನ್ ಚಂದಾಪುರದಿಂದ ಹಾರಗದ್ದೆ ಆರೋಗ್ಯ ಕೇಂದ್ರಕ್ಕೆ 50 ಸೀಸೆ ಕೋವಿಡ್ ಲಸಿಕೆ ಒಯ್ದಿತು. ರಸ್ತೆಯಲ್ಲಿ 30–40 ನಿಮಿಷದ ದಾರಿ, ಆಕಾಶದಲ್ಲಿ ಸುಮಾರು 10 ನಿಮಿಷ.

ದೂರ ಹೆಚ್ಚಿಸುವುದು ಹೇಗೆ?

ಡ್ರೋನ್ 15 ಕಿ.ಮೀ. ಹಾರುತ್ತದೆ ಎಂದುಕೊಳ್ಳಿ. ಹೋಗಿ ಬರಬೇಕಾದರೆ ಏಳೂವರೆ ಕಿ.ಮೀ. ಮಾತ್ರ. ಎದುರುಗಾಳಿಗೆಂದು ಬ್ಯಾಟರಿ ಉಳಿಸಿದರೆ ಇನ್ನೂ ಕಡಿಮೆ. ಇನ್ನೊಂದು ಬ್ಯಾಟರಿ ಕಟ್ಟಿದರೆ ದೂರ ಎರಡರಷ್ಟಾಗುವುದಿಲ್ಲ, ಆ ಬ್ಯಾಟರಿಯ ಭಾರವನ್ನೂ ಅದೇ ಹೊರಬೇಕಲ್ಲ! ಇದಕ್ಕೆ ಮೂರು ದಾರಿಗಳಿವೆ:

1. ಹೊರೆ ಇಳಿಸುವುದು. ಲಸಿಕೆ, ರಕ್ತದ ಮಾದರಿ ಹಗುರ. ವೀರ್ಯ ನಳಿಕೆಗಳಿಗೆ ಬೇಕಾದ ದ್ರವ ಸಾರಜನಕದ ಜಾಡಿ ಭಾರ.

2. ನಡುವೆ ಬ್ಯಾಟರಿ ಬದಲಿಸುವುದು. ಕರೆಂಟು ಮತ್ತು ಜನ ಎರಡೂ ಇರುವ ಬಿಎಂಸಿ ಊರುಗಳು ಇದಕ್ಕೆ ಸೂಕ್ತ. ಹಾರುವ ದೂರ ಎರಡರಷ್ಟಾದರೆ ತಲುಪುವ ಪ್ರದೇಶ ನಾಲ್ಕರಷ್ಟಾಗುತ್ತದೆ.

3. ರೆಕ್ಕೆಯ ಡ್ರೋನ್. ರೆಕ್ಕೆಯೇ ಭಾರ ಎತ್ತುವುದರಿಂದ ಕರೆಂಟು ಉಳಿಯುತ್ತದೆ. ಆಫ್ರಿಕಾದ ರುವಾಂಡಾದಲ್ಲಿ 2016ರಿಂದ ಇಂಥ ಡ್ರೋನ್‌ಗಳು ದೂರದ ಆಸ್ಪತ್ರೆಗಳಿಗೆ ರಕ್ತದ ಚೀಲಗಳನ್ನು ಪ್ಯಾರಾಚೂಟ್‌ನಲ್ಲಿ ಇಳಿಸುತ್ತಿವೆ.

ದೇವನಹಳ್ಳಿಯ ತೊಡಕು

ನಮ್ಮ ಪಕ್ಕದಲ್ಲೇ ಕೆಂಪೇಗೌಡ ವಿಮಾನ ನಿಲ್ದಾಣವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ 12 ಕಿ.ಮೀ. ವರೆಗೂ ನಿರ್ಬಂಧಗಳಿವೆ, ಹತ್ತಿರ ಹೋದಷ್ಟೂ ಬಿಗಿ. ಆದ್ದರಿಂದ ಡ್ರೋನ್ ಕೇಂದ್ರವನ್ನು ಪಟ್ಟಣದಲ್ಲಲ್ಲ, ನಿಲ್ದಾಣದಿಂದ ದೂರದ ಹೋಬಳಿಗಳಲ್ಲಿ ಯೋಚಿಸಬೇಕು. ಅಲ್ಲೂ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ದಾರಿ ಹಾಕಬೇಕು.

ಡ್ರೋನ್ ಮಾಡಲಾಗದ್ದು

ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ನಡುಗಿ, ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಹಾಲು ಜ್ವರವಿರಬಹುದು. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸು ಅಡ್ಡ ಬೀಳದಂತೆ ಹುಲ್ಲಿನ ಮೂಟೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಕ್ಯಾಲ್ಸಿಯಂ ಬಾಟಲಿ ಎಷ್ಟು ಬೇಗ ಬಂದರೂ ನೀವೇ ನರಕ್ಕೆ ಏರಿಸಬೇಡಿ. ವೇಗವಾಗಿ ಹೋದರೆ ಹಸುವಿನ ಹೃದಯ ನಿಲ್ಲಬಹುದು. ಔಷಧಿ ಹಾರಿ ಬರಬಹುದು, ಕೊಡುವ ಕೈ ಹಾರಿ ಬರುವುದಿಲ್ಲ.

ಸಂಘದಲ್ಲಿ ಮಾಡಿ ನೋಡಿ

ಮುಂದಿನ ಸಭೆಯಲ್ಲಿ ಮೂರು ವಿಷಯ ಬರೆದಿಡಿ: ಮಳೆಗಾಲದಲ್ಲಿ ರಸ್ತೆ ಕೆಡುವ ಹಳ್ಳಿಗಳು ಯಾವುವು, ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬಲ್ಲ ಫ್ರಿಜ್ ಎಲ್ಲಿದೆ, ವಿದ್ಯುತ್ ತಂತಿ ಮತ್ತು ಮರಗಳಿಲ್ಲದ ಬಯಲು ಎಲ್ಲಿದೆ. ಡ್ರೋನ್ ನಾಳೆ ಬಂದರೂ, ಹತ್ತು ವರ್ಷಕ್ಕೆ ಬಂದರೂ ಯೋಜನೆ ಈ ಪಟ್ಟಿಯಿಂದಲೇ ಶುರುವಾಗಬೇಕು. ಅಲ್ಲಿಯವರೆಗೆ ಬೈಕಿನಲ್ಲಿ ಬರುವ ಲಸಿಕೆಗೂ ಇದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ.