ಗರ್ಭದಲ್ಲಿ ಕೆಳದವಡೆಯ ಬೆಳವಣಿಗೆ

ಗರ್ಭಸ್ಥ ಶಿಶುವಿನ ಅಂಗಗಳಲ್ಲಿ ಯಾವುದು ಮೊದಲು ಹುಟ್ಟುತ್ತದೆ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಇದನ್ನು ಕುರಿತು ಒಂದು ಚರ್ಚೆಯೇ ಬಂದಿದೆ. ಶಿರಸ್ಸು ಮೊದಲೆಂದು ಶೌನಕನೂ, ಹೃದಯವೆಂದು ಕೃತವೀರ್ಯನೂ, ನಾಭಿಯೆಂದು ಪಾರಾಶರ್ಯನೂ, ಕೈಕಾಲುಗಳೆಂದು ಮಾರ್ಕಂಡೇಯನೂ, ನಡುಮೈಯೆಂದು ಸುಭೂತಿ ಗೌತಮನೂ ಹೇಳುತ್ತಾರೆ. ಕಡೆಗೆ ಧನ್ವಂತರಿಯು, ಬಿದಿರಿನ ಮೊಳಕೆಯಲ್ಲಿಯೂ ಮಾವಿನ ಮಿಡಿಯಲ್ಲಿಯೂ ಸಕಲ ಭಾಗಗಳೂ ಸೂಕ್ಷ್ಮವಾಗಿದ್ದು ಕಣ್ಣಿಗೆ ಕಾಣದಿರುವಂತೆ, ಗರ್ಭದಲ್ಲಿ ಎಲ್ಲ ಅಂಗಗಳೂ ಏಕಕಾಲದಲ್ಲಿಯೇ ಉಂಟಾಗುತ್ತವೆಂದು ತೀರ್ಮಾನಿಸುತ್ತಾನೆ. ಸೂಕ್ಷ್ಮದರ್ಶಕ ಯಂತ್ರವಿಲ್ಲದ ಕಾಲದಲ್ಲಿ ಇಂತಹ ಪ್ರಶ್ನೆಯನ್ನು ಎತ್ತಿ, ಆರು ಮತಗಳನ್ನು ಎದುರಿಗಿಟ್ಟು ವಿಚಾರಿಸಿದುದೇ ದೊಡ್ಡ ಮಾತು. ಆದರೆ ಇಂದಿನ ಭ್ರೂಣಶಾಸ್ತ್ರವು ಕಂಡುಕೊಂಡಿರುವುದು ಬೇರೆ. ಪ್ರತಿಯೊಂದು ಅಂಗಕ್ಕೂ ಅದರದೇ ಆದ ಕಾಲವಿದೆ. ಒಂದರ ಕೆಲಸ ಮುಗಿಯುವವರೆಗೆ ಮತ್ತೊಂದು ಕಾಯುತ್ತದೆ. ಈ ಕ್ರಮವನ್ನು ತೋರಿಸುವುದಕ್ಕೆ ಕೆಳದವಡೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವ್ಯಾಕರಣದ ಪಾಠ ಹೇಳುವವನಿಗೆ ಎಲುಬಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯವೆಂದು ಅಕ್ಷರಗಳ ಸ್ಥಾನಗಳನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಸ್ಥಾನಗಳೆಲ್ಲ ತಮ್ಮ ತಮ್ಮ ಎಡೆಯಲ್ಲಿ ನಿಲ್ಲಬೇಕಾದರೆ, ಸಂಸ್ಕೃತದಲ್ಲಿ ಹನುವೆನಿಸಿಕೊಳ್ಳುವ ಈ ದವಡೆಯು ಸಕಾಲದಲ್ಲಿ ಬೆಳೆದಿರಬೇಕು. ಆದುದರಿಂದ ಇದು ಅಕ್ಷರ ಕಲಿಸುವವರಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಇಲ್ಲಿ ಹೇಳುವ ವಾರಗಳನ್ನು ಗರ್ಭಧಾರಣೆಯಾದ ದಿನದಿಂದ ಎಣಿಸಲಾಗಿದೆ. ವೈದ್ಯರು ಕಡೆಯ ಮುಟ್ಟಿನಿಂದ ಎಣಿಸುವುದರಿಂದ ಅವರ ಲೆಕ್ಕದಲ್ಲಿ ಸುಮಾರು ೨ ವಾರ ಹೆಚ್ಚಾಗಿರುತ್ತದೆ. ನಾಲ್ಕನೆಯ ವಾರದಲ್ಲಿ ಭ್ರೂಣವು ಸುಮಾರು ೫ ಮಿಲಿಮೀಟರ್ ಉದ್ದವಿರುತ್ತದೆ. ಆಗ ಅದರ ಗಂಟಲಿನ ಎರಡು ಪಕ್ಕಗಳಲ್ಲಿ ಸಣ್ಣ ದಿಂಡುಗಳಂತಹ ಕಮಾನುಗಳು ಏಳುತ್ತವೆ. ಮುಂದೆ ಮಿದುಳೂ ಬೆನ್ನುಹುರಿಯೂ ಆಗಲಿರುವ ನಾಳವೊಂದು ಆ ವೇಳೆಗೆ ಬೆನ್ನಿನ ಕಡೆ ರೂಪುಗೊಳ್ಳುತ್ತಿರುತ್ತದೆ. ಅದರ ಅಂಚಿನಿಂದ ಕಳಚಿಕೊಂಡ ಜೀವಕೋಶಗಳು ಪ್ರಯಾಣ ಮಾಡಿ ಬಂದು ಈ ಕಮಾನುಗಳಲ್ಲಿ ನೆಲಸುತ್ತವೆ. ದವಡೆಯ ಎಲುಬನ್ನು ಕಟ್ಟುವ ಕೆಲಸಗಾರರು ಇವೇ. ಮೊದಲನೆಯ ಕಮಾನಿನ ಕೆಳಭಾಗದ ಉಬ್ಬುಗಳು ಎಡದಿಂದಲೂ ಬಲದಿಂದಲೂ ಮುಂದುವರಿದು ನಡುವೆ ಒಂದಾಗುತ್ತವೆ. ಹೀಗೆ ಮುಖದ ಭಾಗಗಳಲ್ಲಿ ಮೊದಲು ಕೂಡಿಕೊಳ್ಳುವುದು ಗದ್ದದ ಪ್ರದೇಶವೇ ಆಗಿದೆ.

ಆರನೆಯ ವಾರದಲ್ಲಿ ಈ ಕಮಾನಿನೊಳಗೆ, ಎಡಕ್ಕೊಂದು ಬಲಕ್ಕೊಂದರಂತೆ, ಮೃದ್ವಸ್ಥಿಯ ಎರಡು ಕಡ್ಡಿಗಳು ಕಾಣಿಸಿಕೊಳ್ಳುತ್ತವೆ. ಕಿವಿಯ ಆಲೆಯನ್ನು ಹಿಡಿದು ಮಡಿಸಿದಾಗ ಬೆರಳಿಗೆ ಸಿಗುವ ಬಾಗುವ ವಸ್ತುವೇ ಮೃದ್ವಸ್ಥಿ. ಕಿವಿಯ ಬಳಿಯಿಂದ ಗದ್ದದವರೆಗೆ ಚಾಚಿಕೊಂಡಿರುವ ಈ ಕಡ್ಡಿಗೆ, ಇದನ್ನು ೧೮೨೦ರಲ್ಲಿ ವರ್ಣಿಸಿದ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಯೋಹಾನ್ ಫ್ರೀಡ್ರಿಕ್ ಮೆಕೆಲ್‌ನ ಹೆಸರು ಬಂದಿದೆ. ಕೈಕಾಲುಗಳ ಉದ್ದ ಎಲುಬುಗಳು ಮೊದಲು ಮೃದ್ವಸ್ಥಿಯ ಅಚ್ಚಿನಲ್ಲಿ ತಯಾರಾಗಿ, ಅನಂತರ ಆ ಅಚ್ಚೇ ಎಲುಬಾಗಿ ಮಾರ್ಪಡುತ್ತದೆ. ಕೆಳದವಡೆಯು ಬಹುಮಟ್ಟಿಗೆ ಹಾಗಲ್ಲ. ಮೆಕೆಲ್‌ನ ಕಡ್ಡಿಯು ದಾರಿ ತೋರಿಸುವ ಊರುಗೋಲಿನಂತೆ ನಿಂತಿರುತ್ತದೆ. ಎಲುಬು ಅದರ ಹೊರಮಗ್ಗುಲಿನ ಪೊರೆಯಲ್ಲಿ ನೇರವಾಗಿಯೇ ಹುಟ್ಟುತ್ತದೆ.

ಎಲುಬು ಹುಟ್ಟುವ ಸ್ಥಳವೂ ಗಮನಾರ್ಹವಾದುದು. ಮಿದುಳಿನಿಂದ ಹೊರಡುವ ಐದನೆಯ ನರದ ಕವಲೊಂದು ಎಲುಬಿಗಿಂತ ಮೊದಲೇ ಬಂದು ಇಲ್ಲಿ ನೆಲಸಿರುತ್ತದೆ. ಆ ಕವಲು ಮುಂದೆ ಎರಡಾಗಿ ಒಡೆಯುವ ಎಡೆಯಲ್ಲಿ, ಆರು-ಏಳನೆಯ ವಾರದ ಸುಮಾರಿಗೆ, ದವಡೆಯ ಮೊದಲ ಅಸ್ಥಿಕಣವು ಮೂಡುತ್ತದೆ. ಶರೀರದಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗತೊಡಗುವುದು ಕೊರಳೆಲುಬು. ಅದರ ಬೆನ್ನ ಹಿಂದೆಯೇ ಬರುವುದು ಕೆಳದವಡೆ. ಎಲುಬು ನರದ ಕೆಳಗೂ ಪಕ್ಕಗಳಿಗೂ ಹರಡಿ ಕಾಲುವೆಯಂತಾಗಿ, ಕ್ರಮೇಣ ಮೇಲೆಯೂ ಮುಚ್ಚಿಕೊಂಡು, ನರವನ್ನು ತನ್ನ ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಕೆಳಗಿನ ಹಲ್ಲು ಕೀಳುವಾಗ ದಂತವೈದ್ಯರು ಸೂಜಿಮದ್ದಿನಿಂದ ಜೋಮು ಹಿಡಿಸುವುದು ಈ ನರಕ್ಕೇ. ನರದ ಕಾಲುವೆಯ ಮೇಲ್ಗಡೆ ಹಲ್ಲಿನ ಮೊಗ್ಗುಗಳಿಗೆ ಗೂಡುಗಳು ಸಿದ್ಧವಾಗುತ್ತವೆ. ಕೆಳಸಾಲಿನ ೧೦ ಹಾಲುಹಲ್ಲುಗಳ ಮೊಗ್ಗುಗಳಷ್ಟೇ ಅಲ್ಲದೆ, ಮಗು ಒಂದನೆಯ ತರಗತಿಗೆ ಸೇರುವ ವಯಸ್ಸಿನಲ್ಲಿ ಹೊರಬರುವ ಮೊದಲ ಶಾಶ್ವತ ದವಡೆಹಲ್ಲಿನ ಮೊಗ್ಗು ಸಹ ಗರ್ಭದ ನಾಲ್ಕನೆಯ ತಿಂಗಳಿನಲ್ಲಿಯೇ ತೋರುತ್ತದೆ. ಹತ್ತನೆಯ ವಾರದ ಹೊತ್ತಿಗೆ ದವಡೆಯ ಸ್ಥೂಲರೂಪವು ಸಿದ್ಧವಾಗಿರುತ್ತದೆ. ಅನಂತರ ಅದರ ಹಿಂತುದಿಯಲ್ಲಿ, ಕೀಲು ಕೂಡುವ ಎಡೆಯಲ್ಲಿ, ಹೊಸದಾಗಿ ಮೃದ್ವಸ್ಥಿಯೊಂದು ಹುಟ್ಟಿ, ಇಪ್ಪತ್ತರ ವಯಸ್ಸಿನ ಸುಮಾರಿನವರೆಗೂ ದವಡೆಯ ಬೆಳವಣಿಗೆಗೆ ನೆರವಾಗುತ್ತದೆ.

ಹಾಗಾದರೆ ಮೆಕೆಲ್‌ನ ಕಡ್ಡಿ ಏನಾಯಿತು? ಅದರ ನಡುಭಾಗದ ಮೃದ್ವಸ್ಥಿಯು ಕರಗಿ, ಒಂದು ತೆಳುವಾದ ನಾರಿನ ಕಟ್ಟು ಮಾತ್ರ ಉಳಿಯುತ್ತದೆ. ಹಿಂತುದಿಯದು ಬೇರೆಯೇ ಕಥೆ. ನಡುಗಿವಿಯಲ್ಲಿ ಶಬ್ದವನ್ನು ಒಳಗೆ ಸಾಗಿಸುವ ಮೂರು ಪುಟ್ಟ ಎಲುಬುಗಳಿವೆಯಷ್ಟೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ಇವುಗಳಲ್ಲಿ ಸುತ್ತಿಗೆ ಮತ್ತು ಅಡಿಗಲ್ಲುಗಳು ದವಡೆಯ ಈ ಕಡ್ಡಿಯ ಹಿಂತುದಿಯಿಂದಲೇ ಆದವುಗಳು. ೧೮೩೭ರಲ್ಲಿ ಜರ್ಮನಿಯ ರೈಖರ್ಟ್ ಎಂಬ ವಿದ್ವಾಂಸನು ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟನು. ಅಗಿಯುವ ಸ್ನಾಯುಗಳನ್ನು ಆಡಿಸುವ ನರವೇ ಕಿವಿಯ ತಮಟೆಯನ್ನು ಬಿಗಿಹಿಡಿಯುವ ಪುಟ್ಟ ಸ್ನಾಯುವನ್ನೂ ಆಡಿಸುತ್ತದೆ. ಇದು ಆ ಒಂದೇ ಮೂಲದ ಗುರುತು. ಆಡುವ ಬಾಯಿಯೂ ಕೇಳುವ ಕಿವಿಯೂ ಒಡಹುಟ್ಟುಗಳೆಂಬುದು ಇಲ್ಲಿ ಅಲಂಕಾರದ ಮಾತಲ್ಲ, ಶರೀರದ ಸತ್ಯ.

ಈಗ ನಾಲಗೆಯ ವಿಚಾರಕ್ಕೆ ಬರೋಣ. ಏಳನೆಯ ವಾರದಲ್ಲಿ ಬಾಯಿಗೂ ಮೂಗಿಗೂ ನಡುವೆ ಗೋಡೆಯಿರುವುದಿಲ್ಲ. ಅಂಗುಳಾಗಬೇಕಾದ ಎರಡು ಹಲಗೆಗಳು ನಾಲಗೆಯ ಎರಡು ಮಗ್ಗುಲಲ್ಲಿ ಕೆಳಮುಖವಾಗಿ ಇಳಿಬಿದ್ದಿರುತ್ತವೆ. ನಾಲಗೆಯು ಅವುಗಳ ನಡುವೆ ಎತ್ತರದಲ್ಲಿ ಸಿಕ್ಕಿಕೊಂಡಿರುತ್ತದೆ. ಕೆಳದವಡೆಯು ಮುಂದಕ್ಕೆ ಬೆಳೆದಂತೆ ನಾಲಗೆಗೆ ಸ್ಥಳ ದೊರೆತು ಅದು ಮುಂದಕ್ಕೂ ಕೆಳಕ್ಕೂ ಸರಿಯುತ್ತದೆ. ಆಗ ಆ ಹಲಗೆಗಳು ಮೇಲೆದ್ದು ಅಡ್ಡಲಾಗಿ ನಿಂತು, ಒಂದನ್ನೊಂದು ಮುಟ್ಟಿ, ೧೨ನೆಯ ವಾರದೊಳಗೆ ಬೆಸೆದುಕೊಂಡು ಅಂಗುಳಾಗುತ್ತವೆ. ದವಡೆ ಬೆಳೆಯದೆ ಹಿಂದುಳಿದರೆ ನಾಲಗೆ ಕೆಳಗಿಳಿಯದು. ನಾಲಗೆ ಇಳಿಯದಿದ್ದರೆ ಅಂಗುಳು ಕೂಡದು. ದವಡೆಯ ಕೊರತೆಯೊಂದು ಅಂಗುಳಿನ ಸೀಳಾಗಿ ಪರಿಣಮಿಸುವುದು ಹೀಗೆ. ಫ್ರಾನ್ಸಿನ ವೈದ್ಯ ಪಿಯರ್ ರಾಬಿನ್ (೧೮೬೭–೧೯೫೦) ೧೯೨೩ರಲ್ಲಿ, ಚಿಕ್ಕ ದವಡೆಯ ಶಿಶುಗಳಲ್ಲಿ ನಾಲಗೆ ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡಿಯಾಗುವುದನ್ನು ವಿವರಿಸಿದನು. ಒಂದು ಕೊರತೆ ಇನ್ನೊಂದನ್ನು ತರುವುದರಿಂದ ವೈದ್ಯರು ಇದನ್ನು ಪಿಯರ್ ರಾಬಿನ್ ಸರಣಿ ಎಂದು ಕರೆಯುತ್ತಾರೆ. ಇಂತಹ ಶಿಶುವನ್ನು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ, ಬೋರಲಾಗಿ ಮಲಗಿಸುವುದೇ ಅನೇಕ ವೇಳೆ ಮೊದಲ ಚಿಕಿತ್ಸೆ. ಆಗ ನಾಲಗೆ ಮುಂದಕ್ಕೆ ಜಾರಿ ಉಸಿರಿನ ದಾರಿ ತೆರೆಯುತ್ತದೆ. ಅಷ್ಟರಿಂದ ಸಾಲದ ಶಿಶುಗಳಿಗೆ ಬೇರೆ ಉಪಾಯಗಳೂ ಶಸ್ತ್ರಕ್ರಿಯೆಯೂ ಇವೆ. ಸೀಳಿದ ಅಂಗುಳನ್ನು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಹೊಲಿದು ಕೂಡಿಸುತ್ತಾರೆ. ಅಂಗುಳಿನ ಸೀಳುಗಳೆಲ್ಲವೂ ದವಡೆಯಿಂದಲೇ ಬರುವುವಲ್ಲ. ಸೀಳುತುಟಿಯ ಬಗೆಯೂ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಉಪಾಧ್ಯಾಯರಿಗೆ ಇದರಿಂದ ತಿಳಿಯಬೇಕಾದುದು ಬಹಳವಿದೆ. ನಮ್ಮ ವರ್ಗೀಯ ವ್ಯಂಜನಗಳಲ್ಲಿ ಮೊದಲ ನಾಲ್ಕನ್ನು ಉಚ್ಚರಿಸುವಾಗ ಅಂಗುಳು ಮೂಗಿನ ಬಾಗಿಲನ್ನು ಮುಚ್ಚಿ, ಗಾಳಿಯನ್ನು ಬಾಯಲ್ಲಿಯೇ ತಡೆಹಿಡಿಯಬೇಕು. ಐದನೆಯದಾದ ಅನುನಾಸಿಕಕ್ಕೆ ಆ ಬಾಗಿಲು ತೆರೆದಿರಬೇಕು. ಅಂಗುಳು ಸೀಳಿದ ಮಗುವಿಗೆ ಬಾಗಿಲು ಸದಾ ತೆರೆದೇ ಇರುತ್ತದೆ. ಆದುದರಿಂದ ಅದು ಹೇಳಹೊರಟ ‘ಬ’ಕಾರವು ‘ಮ’ಕಾರದಂತೆಯೂ ‘ದ’ಕಾರವು ‘ನ’ಕಾರದಂತೆಯೂ ಕೇಳಿಸುತ್ತದೆ. ಇಂತಹ ಮಕ್ಕಳಲ್ಲಿ ನಡುಗಿವಿಯೊಳಗೆ ದ್ರವ ನಿಂತು ಕಿವಿ ಮಂದವಾಗುವುದೂ ಹೆಚ್ಚು. ‘ಸರಿಯಾಗಿ ಹೇಳು’ ಎಂದು ಗದರಿಸಿದರೆ ಆ ಮಗು ಮಾಡುವುದೇನು? ಅದಕ್ಕೆ ಬುದ್ಧಿಯ ಕೊರತೆಯಿಲ್ಲ, ಪ್ರಯತ್ನದ ಕೊರತೆಯೂ ಇಲ್ಲ. ಅದರ ಉಚ್ಚಾರಣೆಯನ್ನು ಅಣಕಿಸಿ ತರಗತಿ ನಕ್ಕರೆ, ಆ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸೀತು. ಅಕ್ಷರದ ಮನೆಯಲ್ಲಿ ಅದಕ್ಕಿಂತ ದೊಡ್ಡ ಹಾನಿ ಮತ್ತೊಂದಿಲ್ಲ.

ತಾಯಿಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಗ್ರಹಣದ ವೇಳೆ ಬಸುರಿಯು ಕತ್ತರಿ, ಈಳಿಗೆ ಹಿಡಿದುದರಿಂದ ಮಗುವಿನ ತುಟಿ, ಅಂಗುಳು ಸೀಳಿದವೆಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಇದೆ. ಇದಕ್ಕೆ ಯಾವ ಆಧಾರವೂ ಇಲ್ಲ. ವಂಶವಾಹಿಗಳಲ್ಲಿನ ವ್ಯತ್ಯಾಸ, ಕೆಲವು ಔಷಧಗಳು, ತಂಬಾಕು ಮತ್ತು ಮದ್ಯ ಮೊದಲಾದವು ಮುಖದ ರಚನೆಗೆ ತೊಡಕು ಮಾಡಬಲ್ಲವು. ಅನೇಕ ವೇಳೆ ಇಂತಹುದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ನಮ್ಮ ಊರುಗಳಲ್ಲಿ ಐದನೆಯ ಅಥವಾ ಏಳನೆಯ ತಿಂಗಳಿನಲ್ಲಿ ಬಸುರಿಗೆ ಕುಬಸ ಮಾಡಿ, ಬಯಕೆಯ ಊಟ ಬಡಿಸಿ, ಉಪಚರಿಸುತ್ತೇವೆ. ಆ ಸಂಭ್ರಮದ ವೇಳೆಗೆ ದವಡೆ ಮತ್ತು ಅಂಗುಳುಗಳ ರಚನೆ ಮುಗಿದು ಎಷ್ಟೋ ವಾರಗಳು ಕಳೆದಿರುತ್ತವೆ. ಮೈ ತುಂಬಿ ಕಾಣುವ ಮೊದಲೇ, ಕೆಲವೊಮ್ಮೆ ಗರ್ಭ ನಿಂತಿದೆಯೆಂದು ಹೆಂಗಸಿಗೆ ಖಚಿತವಾಗುವ ಮೊದಲೇ, ಈ ಕೆಲಸವು ಆರಂಭವಾಗಿರುತ್ತದೆ. ಆದುದರಿಂದ ಪೋಷಣೆ, ವೈದ್ಯರ ಸಲಹೆ, ಔಷಧಗಳ ವಿಷಯದಲ್ಲಿ ಎಚ್ಚರ, ಇವೆಲ್ಲ ಗರ್ಭ ಬಯಸುವ ದಿನದಿಂದಲೇ ಇರಬೇಕು. ಮೂರ್ಛೆರೋಗದಂತಹ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ತಾವಾಗಿಯೇ ಅದನ್ನು ನಿಲ್ಲಿಸದೆ ಮುಂಚಿತವಾಗಿ ವೈದ್ಯರನ್ನು ಕಾಣಬೇಕು. ಎಲ್ಲ ಎಚ್ಚರದ ನಂತರವೂ ಕೊರತೆಯುಳ್ಳ ಮಗು ಹುಟ್ಟಿದರೆ ಅದು ತಾಯಿಯ ಪಾಪದ ಫಲವೂ ಅಲ್ಲ, ಮನೆತನದ ಕಳಂಕವೂ ಅಲ್ಲ.

ಹುಟ್ಟಿದ ಮಗುವಿನ ಕೆಳದವಡೆ ಇನ್ನೂ ಎರಡು ಹೋಳಾಗಿಯೇ ಇರುತ್ತದೆ. ಗದ್ದದ ನಡುವೆ ಮೆತ್ತನೆಯ ಬೆಸುಗೆಯಿದ್ದು, ಒಂದು ವರ್ಷ ತುಂಬುವುದರೊಳಗೆ ಅದು ಎಲುಬಾಗಿ ಎರಡೂ ಒಂದಾಗುತ್ತವೆ. ಚರಕಸಂಹಿತೆಯು ಹನುವಿನ ಎಲುಬನ್ನು ಒಂದೆಂದೇ ಎಣಿಸಿರುವುದು ಬೆಳೆದ ಮನುಷ್ಯನಿಗೆ ಸರಿಯಾಗಿಯೇ ಒಪ್ಪುತ್ತದೆ. ಮಗುವು ತೊದಲುನುಡಿಯನ್ನು ಆರಂಭಿಸುವುದೂ ಆ ಮೊದಲ ವರ್ಷದಲ್ಲಿಯೇ.

ತಾಯಿಯ ಗರ್ಭವು ಮಾಡಿ ಮುಗಿಸದೆ ಬಿಟ್ಟ ಕೆಲಸವನ್ನು ಇಂದು ಸಮಾಜವು ಮುಂದುವರಿಸಬಹುದಾಗಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳುಗಳು ಸೇರಿವೆ. ಊರಿನಲ್ಲಿ ಅಂತಹ ಶಿಶುವೊಂದು ಹುಟ್ಟಿದ ಸುದ್ದಿ ತಿಳಿದ ಉಪಾಧ್ಯಾಯರು ಆ ತಾಯ್ತಂದೆಗಳನ್ನು ಆಸ್ಪತ್ರೆಯವರೆಗೆ ಕಳುಹಿಸಿಕೊಡಲಿ. ಕೊಡುಗೈ ದಾನಿಗಳು ಅವರ ಪ್ರಯಾಣದ ವೆಚ್ಚವನ್ನೂ, ಶಸ್ತ್ರಕ್ರಿಯೆಯ ಅನಂತರ ಬೇಕಾಗುವ ಮಾತಿನ ತರಬೇತಿಯ ವೆಚ್ಚವನ್ನೂ ವಹಿಸಿಕೊಳ್ಳಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಗ್ರಹಣದ ಭಯವನ್ನು ಬಿಡಿಸಲಿ. ಮಗುವೊಂದು ತನ್ನ ಹೆಸರನ್ನು ತಾನೇ ಸ್ಪಷ್ಟವಾಗಿ ಹೇಳುವಂತಾದರೆ, ಅದಕ್ಕಿಂತ ಮಿಗಿಲಾದ ಅಕ್ಷರಸೇವೆ ಇನ್ನೇನಿದೆ?